ಹಠಾತ್ ಮರಣದ ಕಾರಣ ಹುಡುಕಿದ ವೈದ್ಯ: ಜೊವಾನ್ನಿ ಮರಿಯಾ ಲಾಂಚೀಸಿ



ಹಠಾತ್ ಮರಣದಿಂದ ನಮ್ಮನ್ನು ಕಾಪಾಡು ಎಂದು ನಮ್ಮ ಹಿರಿಯರು ಸಂತರ ಪ್ರಾರ್ಥನಾಮಾಲೆಯಲ್ಲಿ ದೇವರನ್ನು ಬೇಡಿಕೊಳ್ಳುತ್ತಿದ್ದರು. ಪಾಪನಿವೇದನೆಗೆ ಸಮಯವಿಲ್ಲದ, ಅಭ್ಯಂಗ ಸಂಸ್ಕಾರ ಸಿಗದ, ಮಕ್ಕಳಿಗೆ ಎರಡು ಮಾತು ಹೇಳಲೂ ಆಗದ ಸಾವೆಂದರೆ ಅವರಿಗೆ ಅಷ್ಟು ಭಯ. ನಮಗೂ ಆ ಭಯ ಹೋಗಿಲ್ಲ. ಬೆಳಿಗ್ಗೆ ಬಲಿಪೂಜೆಯಲ್ಲಿ ಪಕ್ಕದಲ್ಲೇ ಕುಳಿತಿದ್ದವರು ಸಂಜೆಗೆ ಇಲ್ಲ ಎಂದು ಕೇಳಿದರೆ, ಹಾರ್ಟ್ ಅಟ್ಯಾಕ್ ಅಂತೆ ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತೇವೆ. ಇಂಥ ಸಾವು ನಿಜವಾಗಿಯೂ ಹಠಾತ್ತಾಗಿ ಬರುತ್ತದೆಯೇ? ಮುನ್ನೂರು ವರ್ಷಗಳ ಹಿಂದೆ ರೋಮ್ ನಗರದ ಒಬ್ಬ ವೈದ್ಯರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರೇ ಜೊವಾನ್ನಿ ಮರಿಯಾ ಲಾಂಚೀಸಿ.

ಲಾಂಚೀಸಿ ಅವರು 1654ರ ಅಕ್ಟೋಬರ್ 26ರಂದು ರೋಮ್‌ನಲ್ಲಿ ಹುಟ್ಟಿದರು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು ಬಂಧುಗಳ ಆರೈಕೆಯಲ್ಲಿ ಬೆಳೆದರು. ಯೇಸುಸಭೆಯ ಗುರುಗಳು ನಡೆಸುತ್ತಿದ್ದ ರೋಮನ್ ಕಾಲೇಜಿನಲ್ಲಿ ಓದಿದರು. ಮೊದಲು ದೈವಶಾಸ್ತ್ರದ ಕಡೆಗಿದ್ದ ಮನಸ್ಸು ಬರಬರುತ್ತಾ ವೈದ್ಯಶಾಸ್ತ್ರದ ಕಡೆಗೆ ತಿರುಗಿತು. ಸಪಿಯೆಂಝಾ ವಿಶ್ವವಿದ್ಯಾಲಯದಲ್ಲಿ 1672ರಲ್ಲಿ ವೈದ್ಯ ಪದವಿ ಪಡೆದಾಗ ಅವರು ಇನ್ನೂ ಹದಿನೆಂಟರ ಹುಡುಗ.

ಕೆಲವೇ ವರ್ಷಗಳಲ್ಲಿ ಅವರು ಪವಿತ್ರಾತ್ಮರ ಹೆಸರಿನಲ್ಲಿರುವ ಸಾಂತೊ ಸ್ಪಿರಿತೊ ಆಸ್ಪತ್ರೆಗೆ ಸೇರಿದರು. ವ್ಯಾಟಿಕನ್ನಿಗೆ ಹತ್ತಿರದಲ್ಲೇ, ಟೈಬರ್ ನದಿಯ ದಡದಲ್ಲಿರುವ ಈ ಆಸ್ಪತ್ರೆಗೆ ಎಂಟುನೂರು ವರ್ಷಗಳ ಹಿಂದೆ ಮೂರನೆಯ ಇನ್ನೊಸೆಂಟ್ ಪೋಪರು ಅಡಿಪಾಯ ಹಾಕಿದ್ದರು. ಬಡವರು, ಯಾತ್ರಿಕರು, ತಂದೆತಾಯಿ ತೊರೆದ ಹಸುಗೂಸುಗಳು ಇಲ್ಲಿಗೆ ಬರುತ್ತಿದ್ದರು. ಲಾಂಚೀಸಿ ಅವರು ರೋಗಿಯ ಹಾಸಿಗೆಯ ಪಕ್ಕದಲ್ಲಿ ಕಂಡದ್ದನ್ನು ದಿನವೂ ಬರೆದಿಡುವ ಅಭ್ಯಾಸ ಬೆಳೆಸಿಕೊಂಡರು. 1684ರಲ್ಲಿ ಸಪಿಯೆಂಝಾದಲ್ಲಿ ಅಂಗರಚನಾ ಶಾಸ್ತ್ರದ ಪ್ರಾಧ್ಯಾಪಕರಾಗಿ, ಮುಂದೆ ಹದಿಮೂರು ವರ್ಷ ಆ ಪಾಠ ಹೇಳಿದರು.

1688ರಲ್ಲಿ ಹನ್ನೊಂದನೆಯ ಇನ್ನೊಸೆಂಟ್ ಪೋಪರು ಅವರನ್ನು ತಮ್ಮ ವೈದ್ಯರನ್ನಾಗಿ ನೇಮಿಸಿಕೊಂಡರು. ಮರುವರ್ಷ ಪೋಪರು ತೀರಿಕೊಂಡಾಗ ದೇಹವನ್ನು ಪರೀಕ್ಷಿಸಲಾಯಿತು. ಅವರನ್ನು ಬಹಳ ಕಾಲ ಕಾಡಿದ ನೋವಿಗೆ ಮೂತ್ರಪಿಂಡದ ಕಲ್ಲುಗಳೇ ಕಾರಣ ಎಂಬುದು ಆಗ ಕಣ್ಣಿಗೆ ಕಂಡಿತು. ಸಾವಿನ ನಂತರ ದೇಹ ಹೇಳುವ ಸತ್ಯವನ್ನು ಬದುಕಿರುವವರ ಉಪಕಾರಕ್ಕೆ ಬಳಸಬೇಕು ಎಂಬ ನಿಲುವನ್ನು ಲಾಂಚೀಸಿ ಕೊನೆಯವರೆಗೂ ಬಿಡಲಿಲ್ಲ. ಮುಂದೆ ಹನ್ನೆರಡನೆಯ ಇನ್ನೊಸೆಂಟ್ ಮತ್ತು ಹನ್ನೊಂದನೆಯ ಕ್ಲೆಮೆಂಟ್ ಪೋಪರಿಗೂ ಅವರು ವೈದ್ಯರಾದರು.

ಅವರ ಬದುಕಿನ ದೊಡ್ಡ ಪರೀಕ್ಷೆ ಬಂದದ್ದು ಕ್ಲೆಮೆಂಟ್ ಪೋಪರ ಕಾಲದಲ್ಲಿ. 1703ರ ಆರಂಭದಲ್ಲಿ ಮಧ್ಯ ಇಟಲಿಯಲ್ಲಿ ಸಾಲು ಸಾಲಾಗಿ ಭೂಕಂಪಗಳಾಗಿ ರೋಮ್ ಕೂಡ ನಡುಗಿತ್ತು. ಆ ಹೆದರಿಕೆ ಪೂರ್ತಿ ಇಳಿಯುವ ಮೊದಲೇ, 1705 ಮತ್ತು 1706ರಲ್ಲಿ, ನಗರದಲ್ಲಿ ಜನ ಇದ್ದಕ್ಕಿದ್ದಂತೆ ಕುಸಿದು ಸಾಯುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಹೊಸ ಸಾಂಕ್ರಾಮಿಕ ರೋಗ ಬಂದಿದೆಯೇ, ಮುಂದಿನ ಸರದಿ ಯಾರದು ಎಂದು ಜನ ಕಂಗಾಲಾದರು. ಭಯ ಇದ್ದಲ್ಲಿ ಗಾಳಿಮಾತಿಗೆ ಬರವೇ?

ಕ್ಲೆಮೆಂಟ್ ಪೋಪರು ಜನರಿಗೆ ಪ್ರಾರ್ಥನೆಯ ಸಾಂತ್ವನ ಹೇಳಿ ಅಲ್ಲಿಗೇ ಬಿಡಲಿಲ್ಲ. ಹೀಗೆ ಸತ್ತವರ ದೇಹಗಳನ್ನು ಪರೀಕ್ಷಿಸಿ ಕಾರಣ ಕಂಡುಹಿಡಿಯುವಂತೆ ಲಾಂಚೀಸಿ ಅವರಿಗೆ ಆಜ್ಞೆ ಮಾಡಿದರು. ತಮ್ಮವರ ಶವವನ್ನು ಕೊಯ್ಯಲು ಒಪ್ಪುವುದು ಇಂದಿಗೂ ಮನೆಯವರಿಗೆ ಸುಲಭವಲ್ಲ. ಅಂದು ಸ್ವತಃ ಪೋಪರೇ ಬೆಂಬಲಕ್ಕೆ ನಿಂತದ್ದರಿಂದ ಈ ಕೆಲಸ ಬಹಿರಂಗವಾಗಿ, ಕ್ರಮಬದ್ಧವಾಗಿ ನಡೆಯಿತು.

ಲಾಂಚೀಸಿ ಕಂಡದ್ದೇನು? ಕೆಲವರ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಕೆಲವರ ಹೃದಯ ಮಾಮೂಲಿಗಿಂತ ದೊಡ್ಡದಾಗಿ ಊದಿಕೊಂಡಿತ್ತು. ಇನ್ನು ಕೆಲವರ ಹೃದಯದ ಕವಾಟಗಳು ಕೆಟ್ಟಿದ್ದವು ಅಥವಾ ದೊಡ್ಡ ರಕ್ತನಾಳಗಳು ಉಬ್ಬಿದ್ದವು. ಇವು ಒಂದು ದಿನದಲ್ಲಿ ಆಗುವಂಥ ಕೇಡುಗಳಲ್ಲ. ರೋಗ ವರ್ಷಗಟ್ಟಲೆ ಒಳಗೊಳಗೇ ಬೆಳೆದು, ಒಂದು ದಿನ ಪ್ರಾಣ ತೆಗೆದಿತ್ತು. ಊರಿಗೆ ಹೊಸ ಮಾರಿ ಬಂದಿಲ್ಲ, ಹಳೆಯ ರೋಗಗಳೇ ಗುರುತು ಸಿಗದೆ ಕೊಲ್ಲುತ್ತಿವೆ ಎಂದು ಅವರು ತೀರ್ಮಾನಿಸಿದರು. ಈ ಎಲ್ಲವನ್ನೂ ಲ್ಯಾಟಿನ್ ಭಾಷೆಯಲ್ಲಿ ಬರೆದು, ಹಠಾತ್ ಮರಣಗಳ ಕುರಿತ ಗ್ರಂಥವಾಗಿ 1707ರಲ್ಲಿ ಪ್ರಕಟಿಸಿದರು. ಹೃದಯರೋಗದ ಅಧ್ಯಯನದ ಇತಿಹಾಸದಲ್ಲಿ ಆ ಪುಸ್ತಕಕ್ಕೆ ಇಂದಿಗೂ ಗೌರವದ ಸ್ಥಾನವಿದೆ.

ಜನರ ಕಷ್ಟ ಕಂಡಲ್ಲೆಲ್ಲ ಲಾಂಚೀಸಿ ಇದೇ ರೀತಿ ಕೆಲಸ ಮಾಡಿದರು. ದನಗಳಿಗೆ ಮಾರಿಬೇನೆ ಬಂದಾಗ ರೋಗ ತಗಲಿದ ದನಗಳನ್ನು ಕೊಂದು ಹೂಳಬೇಕು, ದನಗಳ ಸಾಗಾಟ ನಿಲ್ಲಿಸಬೇಕು ಎಂದು ಸಲಹೆ ಕೊಟ್ಟರು. ಮಲೇರಿಯಾ ಜ್ವರಕ್ಕೂ ನಿಂತ ನೀರಿಗೂ ಸಂಬಂಧವಿದೆ ಎಂದು 1717ರಲ್ಲಿ ಬರೆದರು. ಕೆಟ್ಟ ಆವಿಯೇ ಜ್ವರಕ್ಕೆ ಕಾರಣ ಎಂಬ ಆ ಕಾಲದ ನಂಬಿಕೆ ಅವರಲ್ಲೂ ಇತ್ತು. ಆದರೂ ಸೊಳ್ಳೆಗಳ ಮೇಲೆ ಅವರಿಗೆ ಅನುಮಾನ ಬಂದಿತ್ತು. ಜೌಗು ನೆಲದ ನೀರನ್ನು ಹರಿಯಬಿಡಿ ಎಂದು ಅವರು ಹೇಳಿದ ಉಪಾಯವೂ ಸರಿಯಾಗಿತ್ತು.

ತಾವು ಜೀವಮಾನವಿಡೀ ಕೂಡಿಸಿದ ಸಾವಿರಾರು ಪುಸ್ತಕಗಳನ್ನು ಅವರು ಸಾಂತೊ ಸ್ಪಿರಿತೊ ಆಸ್ಪತ್ರೆಗೇ ಕೊಟ್ಟರು. ಬಡ ವಿದ್ಯಾರ್ಥಿಗಳೂ ಕಿರಿಯ ವೈದ್ಯರೂ ಓದಲೆಂಬುದೇ ಅವರ ಆಸೆ. 1714ರಲ್ಲಿ ಆ ಗ್ರಂಥಾಲಯ ಕ್ಲೆಮೆಂಟ್ ಪೋಪರ ಸಮ್ಮುಖದಲ್ಲೇ ತೆರೆಯಿತು. ಅದು ಇಂದಿಗೂ ಅವರ ಹೆಸರಿನಲ್ಲೇ ಇದೆ. 1720ರ ಜನವರಿ 20ರಂದು ಲಾಂಚೀಸಿ ತೀರಿಕೊಂಡರು. ತಾವು ರೋಗಿಗಳ ಸೇವೆ ಆರಂಭಿಸಿದ ಆಸ್ಪತ್ರೆಯ ದೇವಾಲಯದಲ್ಲೇ ಅವರ ಸಮಾಧಿಯಾಯಿತು. ಹೃದಯದ ಚಲನೆ ಮತ್ತು ರಕ್ತನಾಳಗಳ ಉಬ್ಬಿನ ಬಗ್ಗೆ ಅವರು ಬರೆದಿಟ್ಟಿದ್ದ ಇನ್ನೊಂದು ಗ್ರಂಥ 1728ರಲ್ಲಿ ಹೊರಬಂತು.

ಹೃದಯಕ್ಕೇ ರಕ್ತ ಕೊಡುವ ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದರೆ ಏನಾಗುತ್ತದೆ ಎಂಬುದು ಲಾಂಚೀಸಿ ಅವರ ಕಾಲಕ್ಕೆ ತಿಳಿದಿರಲಿಲ್ಲ. ಅವರು ಇಟ್ಟ ಹೆಜ್ಜೆಯನ್ನು ಮುಂದಿನವರು ಒಂದೊಂದಾಗಿ ಮುಂದುವರಿಸಿದರು. 1768ರಲ್ಲಿ ಲಂಡನ್ನಿನ ವಿಲಿಯಂ ಹೆಬರ್ಡನ್ ಅವರು ನಡೆಯುವಾಗ ಎದೆಯನ್ನು ಹಿಂಡಿ, ನಿಂತರೆ ಕಡಿಮೆಯಾಗುವ ನೋವನ್ನು ವಿವರಿಸಿದರು. 1912ರಲ್ಲಿ ಶಿಕಾಗೊ ನಗರದ ಜೇಮ್ಸ್ ಹೆರಿಕ್ ಅವರು ಹೃದಯದ ನಾಳ ಮುಚ್ಚಿಕೊಂಡರೂ ರೋಗಿ ಬದುಕುಳಿಯಬಹುದು ಎಂದು ತೋರಿಸಿದರು. ಹಾರ್ಟ್ ಅಟ್ಯಾಕ್ ಎಂದರೆ ಸಾವೇ ಎಂಬ ಮಾತು ಅಲ್ಲಿಂದ ಸಡಿಲವಾಗತೊಡಗಿತು.

1986ರಲ್ಲಿ ಲಾಂಚೀಸಿ ಅವರ ತಾಯ್ನಾಡಾದ ಇಟಲಿಯಿಂದಲೇ ದೊಡ್ಡ ಸುದ್ದಿ ಬಂತು. ಅಲ್ಲಿನ 176 ಹೃದಯ ಚಿಕಿತ್ಸಾ ಘಟಕಗಳು ಒಟ್ಟಾಗಿ ಸುಮಾರು 11,700 ರೋಗಿಗಳ ಮೇಲೆ ಅಧ್ಯಯನ ನಡೆಸಿದ್ದವು. ಅರ್ಧದಷ್ಟು ರೋಗಿಗಳಿಗೆ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಎಂಬ ಔಷಧ ಕೊಟ್ಟಿದ್ದರು. ಔಷಧ ಪಡೆದವರಲ್ಲಿ ಸಾವು ಕಡಿಮೆಯಾಯಿತು. ನೋವು ಶುರುವಾದ ಒಂದು ಗಂಟೆಯೊಳಗೆ ಪಡೆದವರಲ್ಲಂತೂ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ತಡವಾದಷ್ಟೂ ಲಾಭ ಕಡಿಮೆ. 1988ರಲ್ಲಿ ಬಂದ ಮತ್ತೊಂದು ಅಧ್ಯಯನ 17,187 ರೋಗಿಗಳದ್ದು. ಸಾಮಾನ್ಯ ಆಸ್ಪಿರಿನ್ ಮಾತ್ರೆ ಕೂಡ ಜೀವ ಉಳಿಸುತ್ತದೆ ಎಂದು ಅದು ತೋರಿಸಿತು.

ಪ್ರಿಯರೇ, ಲಾಂಚೀಸಿ ಅವರ ಜೀವನ ನಮಗೆ ಕಲಿಸುವುದು ಇಷ್ಟು: ಹಠಾತ್ ಎಂದು ನಾವು ಕರೆಯುವ ಸಾವು ಬಹಳ ಸಲ ಮೊದಲೇ ಬಾಗಿಲು ತಟ್ಟಿರುತ್ತದೆ. ಚರ್ಚಿನ ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವುದು, ನೋವು ಎಡತೋಳಿಗೋ ದವಡೆಗೋ ಹರಿಯುವುದು, ತಣ್ಣನೆ ಬೆವರು, ಕಾರಣವಿಲ್ಲದ ಏದುಸಿರು, ಇವನ್ನೆಲ್ಲ ಗ್ಯಾಸ್ ಎಂದು ತಳ್ಳಿಹಾಕಿ ಶುಂಠಿ ಕಷಾಯ ಕುಡಿದು ಮಲಗಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಂತಿ, ಏದುಸಿರು ಕಾಣಿಸಬಹುದು. ಬೆಳಗಾಗಲಿ ಎಂದು ಕಾಯದೆ ತಕ್ಷಣ ಇ.ಸಿ.ಜಿ. ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ.

ನಮ್ಮ ಮನೆಯ ಹಿರಿಯರು ತಮ್ಮ ನೋವನ್ನು ಕನ್ನಡದಲ್ಲೇ ಹೇಳುತ್ತಾರೆ. ಆಸ್ಪತ್ರೆಯಲ್ಲಿ ಆಡುವ ಮಾತು ಬೇರೆ. ಎರಡೂ ಭಾಷೆ ಬಲ್ಲ ನಮ್ಮ ಯುವಕ ಯುವತಿಯರು ಅಂಥವರ ಜೊತೆಗೆ ಹೋದರೆ ಅದೂ ಒಂದು ದೊಡ್ಡ ಸೇವೆ. ದಾರಿಯಲ್ಲಿ ಧರ್ಮಕೇಂದ್ರದ ಗುರುಗಳಿಗೂ ಫೋನ್ ಮಾಡಿ. ಅಭ್ಯಂಗ ಸಂಸ್ಕಾರ ರೋಗಿಯ ಬಲಕ್ಕಾಗಿ ಇರುವಂಥದ್ದು, ಅದನ್ನು ಕೊನೆಯುಸಿರಿನವರೆಗೆ ಮುಂದೂಡಬೇಕಿಲ್ಲ.

ಹಠಾತ್ ಮರಣದಿಂದ ಕಾಪಾಡು ಎಂದು ಮುಂದಿನ ಸಲ ಪ್ರಾರ್ಥಿಸುವಾಗ, ಆ ಪ್ರಾರ್ಥನೆಗಾಗಿ ತಮ್ಮ ಕೈಯಿಂದ ಆದಷ್ಟು ಕೆಲಸ ಮಾಡಿದ ಈ ವೈದ್ಯರನ್ನೂ ನೆನೆಯೋಣ.