ಕಡಲಿನ ಆಳ ಕಂಡ ಜಾಕ್ ಕೂಸ್ತೊ

ಜಾಕ್ ಕೂಸ್ತೊ ಅವರು 1910ನೇ ಇಸವಿ ಜೂನ್ 11ರಂದು ಫ್ರಾನ್ಸ್ ದೇಶದಲ್ಲಿ ಹುಟ್ಟಿದರು. ದೊಡ್ಡವರಾದ ಮೇಲೆ ನೌಕಾಪಡೆ ಸೇರಿದರು. ವಿಮಾನ ಹಾರಿಸಬೇಕು ಅಂತ ಅವರಿಗೆ ಬಹಳ ಆಸೆ ಇತ್ತು. ಆದರೆ ಕಾರು ಅಪಘಾತವಾಗಿ ಕೈಗಳಿಗೆ ಪೆಟ್ಟಾಯಿತು. ಕೈಗೆ ಬಲ ಬರಲೆಂದು ಸಮುದ್ರದಲ್ಲಿ ಈಜತೊಡಗಿದರು. 1936ರಲ್ಲಿ ಒಂದು ದಿನ ಈಜುವ ಕನ್ನಡಕ ಹಾಕಿಕೊಂಡು ನೀರೊಳಗೆ ನೋಡಿದರು. ಅಲ್ಲಿಂದ ಅವರಿಗೆ ಕಡಲಿನ ಹುಚ್ಚು ಹಿಡಿಯಿತು.

1943ರಲ್ಲಿ ಕೂಸ್ತೊ ಮತ್ತು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ಸೇರಿ ‘ಅಕ್ವಾಲಂಗ್’ ಎಂಬ ಸಾಧನ ಮಾಡಿದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡರೆ ನೀರೊಳಗೂ ಉಸಿರಾಡಬಹುದು. ಆಗ ಅದನ್ನು ಹೇಳಿಕೊಡುವ ಮೇಷ್ಟ್ರು ಇರಲಿಲ್ಲ, ಪರೀಕ್ಷೆ ಇರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ. ಅನುಭವವೇ ಗುರು. ಆದರೆ ಈ ಗುರುವಿನ ಪೆಟ್ಟು ಬಹಳ ಜೋರು.

1946ರಲ್ಲಿ ಕೂಸ್ತೊ ಮತ್ತು ಗೆಳೆಯ ದ್ಯೂಮಾ ವೋಕ್ಲೂಸ್ ಎಂಬಲ್ಲಿ ನೀರು ತುಂಬಿದ ಗುಹೆಗೆ ಇಳಿದರು. ಒಳಗೆ ಇಬ್ಬರಿಗೂ ಮಂಕು ಕವಿಯಿತು. ಮೇಲೆ ಹಗ್ಗ ಹಿಡಿದಿದ್ದ ಮೋರಿಸ್ ಫಾರ್ಗ್ ಎಳೆದುಕೊಂಡಿದ್ದರಿಂದ ಜೀವ ಉಳಿಯಿತು. ಆಮೇಲೆ ನೋಡಿದರೆ, ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ ತನ್ನ ಹೊಗೆಯನ್ನೇ ಎಳೆದುಕೊಂಡಿತ್ತು! 1947ರಲ್ಲಿ ಅದೇ ಫಾರ್ಗ್, ಎಷ್ಟು ಆಳ ಹೋಗಬಹುದು ಅಂತ ನೋಡಲು ಸಮುದ್ರಕ್ಕೆ ಇಳಿದರು. 120 ಮೀಟರ್ ಆಳದಲ್ಲಿ ಕಟ್ಟಿದ್ದ ಹಲಗೆಯ ಮೇಲೆ ಅವರ ಸಹಿ ಇತ್ತು. ಆದರೆ ಅವರು ಜೀವಂತವಾಗಿ ಮೇಲೆ ಬರಲಿಲ್ಲ. ತುಂಬಾ ಆಳದಲ್ಲಿ ಗಾಳಿಯಲ್ಲಿರುವ ಸಾರಜನಕವೇ ಹೆಂಡದ ಹಾಗೆ ಅಮಲು ಏರಿಸುತ್ತದೆ.

ಕೂಸ್ತೊ ಅವರಿಗೆ ವಿಜ್ಞಾನದ ಪದವಿ ಇರಲಿಲ್ಲ. ಆದರೂ 1957ರಲ್ಲಿ ಮೊನಾಕೋದ ಸಮುದ್ರ ವಸ್ತುಸಂಗ್ರಹಾಲಯದ ನಿರ್ದೇಶಕರಾದರು. 1959ರಲ್ಲಿ ನೀರೊಳಗೆ ಮುಳುಗುವವರ ವಿಶ್ವ ಒಕ್ಕೂಟ ಶುರುವಾದಾಗ ಮೊದಲ ಅಧ್ಯಕ್ಷರೂ ಅವರೇ. ಮುಂದೆ ಆ ಒಕ್ಕೂಟ ಮುಳುಗುವವರಿಗೆ ಸರ್ಟಿಫಿಕೇಟ್ ಕೊಡತೊಡಗಿತು. ಸರ್ಟಿಫಿಕೇಟ್ ಇಲ್ಲದೆ ಕಲಿತವರು ಅಂಥ ಒಕ್ಕೂಟಕ್ಕೆ ಅಧ್ಯಕ್ಷರಾ ಅಂತ ನನಗೆ ಮೊದಲು ನಗು ಬಂತು. ಫಾರ್ಗ್ ಅವರ ಕಥೆ ನೆನೆದಾಗ ಅರ್ಥವಾಯಿತು. ಶುದ್ಧ ಗಾಳಿ ತುಂಬಿಸಬೇಕು, ಒಬ್ಬರೇ ಇಳಿಯಬಾರದು, ಹವ್ಯಾಸಕ್ಕೆ ಮುಳುಗುವವರು 40 ಮೀಟರ್ ದಾಟಬಾರದು ಅಂತ ಈಗ ಕಲಿಸುತ್ತಾರೆ. ಇವೆಲ್ಲ ಹಿಂದಿನವರು ಕಷ್ಟಪಟ್ಟು, ಕೆಲವರು ಜೀವ ಕೊಟ್ಟು ಕಲಿತ ಪಾಠಗಳು.

ಹಾಗಂತ ಸರ್ಟಿಫಿಕೇಟ್ ಸಿಕ್ಕಿದ ಕೂಡಲೇ ಎಲ್ಲಾ ಬಂತು ಅಂತಲ್ಲ. ಮೊದಲ ಹಂತದವರನ್ನು ಸುಮಾರು 18-20 ಮೀಟರ್‌ಗಿಂತ ಕೆಳಗೆ ಬಿಡೋದಿಲ್ಲ. ನಮ್ಮೂರ ಬಾವಿಯಲ್ಲಿ ಈಜು ಕಲಿಯುವವರಿಗೆ ಸೊಂಟಕ್ಕೆ ಬೆಂಡು ಕಟ್ಟುತ್ತಾರೆ. ಬೆಂಡು ಕಟ್ಟದೆ ಯಾರೂ ಬಾವಿಗೆ ಬಿಡಲ್ಲ. ಆದರೆ ಬೆಂಡು ಬಿಚ್ಚಿದ ಮೇಲೆ ತಾನೇ ಈಜು ಬಂತೋ ಇಲ್ಲವೋ ಗೊತ್ತಾಗೋದು!

ಕೂಸ್ತೊ ಅವರು 1997ರ ಜೂನ್ 25ರಂದು ತೀರಿಕೊಂಡರು. ದೇಶ ಸುತ್ತು, ಕೋಶ ಓದು ಅಂತ ನಮ್ಮ ಹಿರಿಯರು ಹೇಳಿದ್ದು ಎರಡೂ ಬೇಕು ಅಂತಲೇ. ಗೆಳೆಯರೇ, ನಾವೂ ಎರಡನ್ನೂ ಬಿಡದೆ ಕಲಿಯೋಣ.