ಗಣಿತದ ಗುರು ಮಹಾವೀರಾಚಾರ್ಯರು

ಮಹಾವೀರಾಚಾರ್ಯರು ಕನ್ನಡ ನಾಡಿನ ದೊಡ್ಡ ಗಣಿತಜ್ಞರು. 9ನೇ ಶತಮಾನದವರು, ಜೈನರು. ಮಾನ್ಯಖೇಟದಿಂದ ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲ ಅದು. ಮಾನ್ಯಖೇಟ ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ.

ಸುಮಾರು 850ರಲ್ಲಿ ಇವರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಅದರಲ್ಲಿ 9 ಅಧ್ಯಾಯ. ಹಿಂದಿನ ಬಹಳ ಗ್ರಂಥಗಳಲ್ಲಿ ಗಣಿತ, ಖಗೋಳ ಎರಡೂ ಕೂಡೇ ಇರ್ತಿದ್ದವು. ಇವರು ಗಣಿತವನ್ನೇ ಬೇರೆ ಮಾಡಿದರು. ಮೊದಲು ಸೂತ್ರ, ಆಮೇಲೆ ಹಣ್ಣು, ಜೇನುನೊಣ, ವ್ಯಾಪಾರದ ಲೆಕ್ಕ. 27994681ನ್ನು 441ರಿಂದ ಗುಣಿಸಿದರೆ 12345654321 ಬರ್ತದೆ. ಇಂಥ ಚಂದದ ಸಂಖ್ಯೆಗಳನ್ನು ಹಾರ ಅಂತ ಕರೆದರು. 1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಪ್ರಕಟಿಸಿದರು.

ಅದರಲ್ಲಿ ಒಂದು ತಪ್ಪೂ ಇದೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳೀತದೆ ಎಂದು ಬರೆದಿದ್ದಾರೆ. 6ನ್ನು ಸೊನ್ನೆಯಿಂದ ಭಾಗಿಸಿ 6 ಬಂದರೆ, ಆ 6ನ್ನು ಸೊನ್ನೆಯಿಂದ ಗುಣಿಸಿದಾಗ ಮತ್ತೆ 6 ಬರಬೇಕಲ್ಲ? ಬರೋದು ಸೊನ್ನೆ!

ಕಂಪ್ಯೂಟರ್ ಪ್ರೋಗ್ರಾಂ ಅಂದರೂ ಇಂಥ ಸೂತ್ರಗಳ ಸಾಲೇ. ಈಗ ಕಾರವಾರ, ಅಂಕೋಲೆಯ ಮಕ್ಕಳೂ ಮೊಬೈಲಿನಲ್ಲಿ ಎ.ಐ.ಗೆ ಹೇಳಿ ಪ್ರೋಗ್ರಾಂ ಬರೆಸಬಹುದು. ಅದು ಕೆಲವು ಸಲ ತಪ್ಪನ್ನೂ ಸರಿ ಇದ್ದ ಹಾಗೇ ಬರೀತದೆ. ಅಷ್ಟು ದೊಡ್ಡ ಆಚಾರ್ಯರ ಸೂತ್ರವನ್ನೇ ಪರೀಕ್ಷೆ ಮಾಡಬೇಕು ಅಂದಮೇಲೆ ಯಂತ್ರದ್ದನ್ನು ಹಾಗೇ ಬಿಡಬಹುದಾ? ಸಣ್ಣ ಸಂಖ್ಯೆ ಹಾಕಿ, ಒಂದೊಂದೇ ಹಂತ ಪಾಟಿಯ ಮೇಲೆ ಮಾಡಿ ನೋಡಬೇಕು. ಹಾಗೆ ನೋಡಲು ಬರಬೇಕಾದರೆ ಪ್ರೋಗ್ರಾಂ ಬರೆಯೋದನ್ನು ನಾವೇ ಕಲಿತಿರಬೇಕು.

ಮೇಲಿನ ಹಾರದ ಲೆಕ್ಕವನ್ನು ನೀವೂ ಕೈಯಲ್ಲೇ ಗುಣಿಸಿ ನೋಡಿ.