ಕೊಲ್ಲದ ಕೋವಿ

ಕೊಡಗಿನವರಿಗೆ ಕೋವಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಸಂಪ್ರದಾಯ ಇಲ್ಲಿಯದು. ಕೈಲು ಮುಹೂರ್ತದಂದು ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತೇವೆ. ಇಂಥ ನಾಡಿನಲ್ಲಿ ಬೆಳೆದುದರಿಂದಲೋ ಏನೋ, ಹಾರುವ ಹಕ್ಕಿಗೆ ಕೋವಿಯಿಂದ ಗುರಿಯಿಟ್ಟು, ಒಂದು ಗರಿಯನ್ನೂ ಉದುರಿಸದೆ ಗೆದ್ದ ವಿಜ್ಞಾನಿಯೊಬ್ಬನ ಚರಿತ್ರೆ ನನ್ನ ಮನಸ್ಸನ್ನು ವಿಶೇಷವಾಗಿ ಸೆಳೆಯಿತು.

ಆತನೇ ಎತಿಯನ್ ಜೂಲ್ ಮಾರೇ. ಫ್ರಾನ್ಸ್ ದೇಶದ ಬೋನ್ ಎಂಬ ಊರಿನಲ್ಲಿ 1830ರಲ್ಲಿ ಜನಿಸಿದನು. ಹುಡುಗನಿಗೆ ಎಂಜಿನಿಯರಾಗುವ ಆಸೆ. ತಂದೆಗೆ ಮಗ ವೈದ್ಯನಾಗಬೇಕೆಂಬ ಹಟ. ಮಾರೇ ಪ್ಯಾರಿಸ್ಸಿನಲ್ಲಿ ವೈದ್ಯಶಾಸ್ತ್ರವನ್ನೇ ಓದಿದನು. ಆದರೆ ಯಂತ್ರದ ಹಂಬಲ ಬಿಡಲಿಲ್ಲ. 1860ರ ಹೊತ್ತಿಗೆ ನಾಡಿಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಉಪಕರಣವನ್ನು ರಚಿಸಿದನು. ಕಣ್ಣಿಗೆ ನಿಲುಕದ ಚಲನೆಯನ್ನು ಕಣ್ಣಿಗೆ ಕಾಣಿಸುವುದೇ ಆತನ ಬಾಳಿನ ಗುರಿಯಾಯಿತು.

ಹಕ್ಕಿಯ ಹಾರಾಟ ಆತನನ್ನು ಬಹುಕಾಲ ಕಾಡಿತು. ಮೊದಲು ಹಕ್ಕಿಯ ಮೈಗೆ ಹಗುರವಾದ ಉಪಕರಣ ಕಟ್ಟಿ, ರೆಕ್ಕೆಯ ಬಡಿತವನ್ನು ಬರೆಯಿಸಿ ನೋಡಿದನು. ಆದರೆ ಹೊರೆ ಹೊತ್ತ ಹಕ್ಕಿ ಸ್ವಚ್ಛಂದವಾಗಿ ಹಾರುವುದುಂಟೆ? 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಡ್ಜ್ ತೆಗೆದ ಓಡುವ ಕುದುರೆಯ ಚಿತ್ರಗಳನ್ನು ಕಂಡಾಗ ಮಾರೇಗೆ ದಾರಿ ಹೊಳೆಯಿತು. ಮೈಬ್ರಿಡ್ಜ್ 1881ರಲ್ಲಿ ಪ್ಯಾರಿಸ್ಸಿಗೆ ತಂದ ಹಕ್ಕಿಯ ಚಿತ್ರಗಳು ಮಾತ್ರ ಆತನಿಗೆ ತೃಪ್ತಿ ಕೊಡಲಿಲ್ಲ. ಕೊನೆಗೆ ತಾನೇ ಒಂದು ಕೋವಿಯನ್ನು ಸಿದ್ಧಪಡಿಸಿದನು.

ಅದಕ್ಕೆ ಹಿಡಿಯಿತ್ತು, ಕುದುರೆಯಿತ್ತು, ನಳಿಗೆಯೂ ಇತ್ತು. ನಳಿಗೆಯೊಳಗೆ ಇದ್ದದ್ದು ಮಾತ್ರ ಮಸೂರ. ಹಿಂದಿನ ದುಂಡುಪೆಟ್ಟಿಗೆಯಲ್ಲಿ ಗಾಜಿನ ಫಲಕವೊಂದು ಗಡಿಯಾರದ ಯಂತ್ರದಿಂದ ತಿರುಗುತ್ತಿತ್ತು. ಕುದುರೆ ಎಳೆದರೆ ಸೆಕೆಂಡಿಗೆ 12 ಚಿತ್ರಗಳು. ಒಂದೊಂದು ಚಿತ್ರಕ್ಕೂ ಬೆಳಕು ಬೀಳುತ್ತಿದ್ದುದು ಸೆಕೆಂಡಿನ 720ನೆಯ ಒಂದು ಭಾಗ ಮಾತ್ರ. 1882ರ ಆರಂಭದಲ್ಲಿ, ಇಟಲಿಯ ನೇಪಲ್ಸ್ ಬಳಿಯ ಕಡಲತೀರದಲ್ಲಿ, ಆತನು ಕಡಲಹಕ್ಕಿಗಳಿಗೆ ಗುರಿಯಿಡತೊಡಗಿದನು. ಸದ್ದೂ ಇಲ್ಲ, ಹೊಗೆಯೂ ಇಲ್ಲ, ಬೀಳುವ ಹಕ್ಕಿಯೂ ಇಲ್ಲ. ಈತನಿಗೆ ಬುದ್ಧಿ ನೆಟ್ಟಗಿಲ್ಲವೆಂದು ಊರವರು ನಕ್ಕರಂತೆ.

ಹಕ್ಕಿ ಬೀಳದಿದ್ದರೂ ರಹಸ್ಯ ಕೈಗೆ ಬಂತು. ಸೆಕೆಂಡಿಗೆ ಮೂರು ಸಲ ರೆಕ್ಕೆ ಬಡಿಯುವ ಕಡಲಹಕ್ಕಿಯ ಒಂದೊಂದು ಬಡಿತದಲ್ಲಿಯೂ ನಾಲ್ಕು ಭಂಗಿಗಳು ಫಲಕದ ಮೇಲೆ ನಿಂತಿದ್ದವು. ಚಿತ್ರಗಳು ಬಹಳ ಚಿಕ್ಕವು, ಬರಿಯ ಕಪ್ಪು ನೆರಳುಗಳು. ಆದ್ದರಿಂದ ಮಾರೇ ಅದೇ ವರ್ಷ ಪ್ಯಾರಿಸ್ಸಿನಲ್ಲಿ ಪ್ರಯೋಗಕೇಂದ್ರ ತೆರೆದು, ಕಪ್ಪು ಹಿನ್ನೆಲೆಯ ಮುಂದೆ ಬಿಳಿಯ ಹಕ್ಕಿಗಳನ್ನು ಹಾರಿಸಿ, ಒಂದೇ ಫಲಕದ ಮೇಲೆ ಹಾರಾಟದ ಹಲವು ಹಂತಗಳನ್ನು ಹಿಡಿದನು. 1888ರಲ್ಲಿ ಗಾಜನ್ನು ಬಿಟ್ಟು ಉದ್ದನೆಯ ಕಾಗದದ ಸುರುಳಿಗೆ ತಿರುಗಿದನು. 1890ರಲ್ಲಿ ಹಕ್ಕಿಯ ಹಾರಾಟವನ್ನು ಕುರಿತ ಆತನ ಗ್ರಂಥ ಹೊರಬಂದಿತು. ಆತನು ತೆರೆದ ದಾರಿಯಲ್ಲಿಯೇ ಚಲನಚಿತ್ರ ಬಂದಿತು. ಅದರ ಹಣದ ಬೆನ್ನು ಹತ್ತಿದವರು ಬೇರೆಯವರು. 1904ರಲ್ಲಿ ಮಾರೇ ತೀರಿಕೊಂಡನು.

ಈತನನ್ನು ಅಹಿಂಸೆಯ ಸಂತನೆಂದು ಹೊಗಳಿದರೆ ಸತ್ಯಕ್ಕೆ ಅಪಚಾರವಾದೀತು. ಬದುಕಿರುವ ಪ್ರಾಣಿಗಳ ಮೈ ಕೊಯ್ದು ಪ್ರಯೋಗ ನಡೆಸಿದವನೂ ಈತನೇ. ಸತ್ತ ಹಕ್ಕಿಯ ತೂಕ ಹಾಕಬಹುದು, ಗರಿ ಎಣಿಸಬಹುದು. ಅದು ಹೇಗೆ ಹಾರುತ್ತಿತ್ತೆಂಬುದನ್ನು ಮಾತ್ರ ಅದು ಹೇಳಲಾರದು. ಅದಕ್ಕಾಗಿಯೇ ಮಾರೇ ಕೋವಿಯಿಂದ ಗುಂಡನ್ನು ತೆಗೆದನು. ಕರುಣೆ ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಜ್ಞಾನವೇ ಹೇಳಿತು. ನನಗೆ ದೊಡ್ಡದಾಗಿ ಕಂಡದ್ದು ಇದೇ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿಯೂ ಬೇಟೆ ಕಾನೂನಿಗೆ ವಿರುದ್ಧವಾಯಿತು. ಆದರೆ ಬೇಟೆಗಾರನ ವಿದ್ಯೆ ವ್ಯರ್ಥವಾಗಬೇಕಾಗಿಲ್ಲ. ಗಾಳಿಯ ದಿಕ್ಕು ತಿಳಿಯುವುದು, ಉಸಿರು ಹಿಡಿದು ಕಾಯುವುದು, ಹಾರುವ ಹಕ್ಕಿಗಿಂತ ತುಸು ಮುಂದಕ್ಕೆ ಕಣ್ಣಿಡುವುದು — ಹಿರಿಯರ ಈ ವಿದ್ಯೆಯೆಲ್ಲ ಕ್ಯಾಮೆರಾ ಹಿಡಿದವನಿಗೂ ಬೇಕು. ಕಾಫಿತೋಟದ ನೆರಳುಮರದಿಂದ ನೆಗೆದು ಗಾಳಿಯಲ್ಲೇ ಹುಳು ಹಿಡಿದು ಮರಳುವ ಕಾಜಾಣವನ್ನಾಗಲಿ, ಹಿತ್ತಲಲ್ಲಿಟ್ಟ ನೀರಿನ ತಟ್ಟೆಗೆ ಬಂದು ಕ್ಷಣದಲ್ಲಿ ಮಾಯವಾಗುವ ಪುಟ್ಟ ಹಕ್ಕಿಯನ್ನಾಗಲಿ ಚಿತ್ರದಲ್ಲಿ ಹಿಡಿಯಲೆತ್ನಿಸುವ ನಮ್ಮ ತರುಣರು ಮಾರೇಯ ಮನೆತನದವರೇ ಸರಿ. ಅವರ ಗುರಿ ತಪ್ಪದಿರಲಿ, ಹಕ್ಕಿಯೂ ಹಾರುತ್ತಿರಲಿ.